ಮನೆಪಾಠಕ್ಕೆ ಸತ್ಯವೇದದ ಪಠ್ಯಕ್ರಮ ಆರಿಸುವಾಗ

ಬೀದರ್‌ನ ಮಂಗಲಪೇಟೆಯ ನಮ್ಮ ಮನೆಯಲ್ಲಿ ಏಳು ವರ್ಷದ ಮಗಳಿಗೂ ಹನ್ನೊಂದರ ಮಗನಿಗೂ ನಾನೇ ಶಿಕ್ಷಕಿ. ಸತ್ಯವೇದದ, ಅಂದರೆ ಬೈಬಲ್‌ನ, ಪಠ್ಯಕ್ರಮ ಕೊಳ್ಳುವ ಮೊದಲು ನಡುವಿನ ಯಾವುದಾದರೂ ಒಂದು ಪಾಠ ತೆರೆಯಿರಿ. ಮೊದಲ ಪಾಠವನ್ನು ಎಲ್ಲರೂ ಸಿಂಗರಿಸಿರುತ್ತಾರೆ. ಆ ನಡುವಿನ ಪಾಠವನ್ನು ಮುಗಿಸಲು ಮಗು ಸತ್ಯವೇದವನ್ನು ತೆರೆಯಲೇಬೇಕೇ? ಬೇಡವೆಂದಾದರೆ ಅದು ಬಣ್ಣ ತುಂಬುವ ಪುಸ್ತಕವಷ್ಟೇ. ನೋಹನ ನಾವೆಗೆ ಬಣ್ಣ ಬಳಿದು ಬಳಿದು ನಮ್ಮ ಮನೆಯ ನೀಲಿ ಕ್ರೆಯಾನ್ ಸವೆದೇ ಹೋಗಿದೆ.

ಪ್ರಶ್ನೆಗಳನ್ನು ನೋಡಿ. ‘ಯೋಸೇಫನಿಗೆ ಅಣ್ಣಂದಿರು ಎಷ್ಟು ಮಂದಿ?’ ಎಂಬುದು ಚಿಕ್ಕವಳಿಗೆ ಸಾಕು. ದೊಡ್ಡವನಿಗೆ ‘ಅವರು ಅವನನ್ನು ಏಕೆ ದ್ವೇಷಿಸಿದರು? ಆದಿಕಾಂಡ 37ರಲ್ಲಿ ತೋರಿಸು’ ಎಂಬಂಥದ್ದು ಬೇಕು. ಇಬ್ಬರಿಗೂ ಒಂದೇ ಭಾಗ, ಬೇರೆ ಬೇರೆ ಪ್ರಶ್ನೆ ಇರುವ ಕ್ರಮ ಸಿಕ್ಕರೆ ಅಡುಗೆ ಕೆಲಸವೂ ಸಾಗುತ್ತದೆ.

ಪ್ರೊಟೆಸ್ಟೆಂಟ್ ಸತ್ಯವೇದದಲ್ಲಿ 66 ಪುಸ್ತಕಗಳು, ಕ್ಯಾಥೊಲಿಕ್ ಬೈಬಲ್‌ನಲ್ಲಿ 73. ಪಠ್ಯ ಯಾವುದನ್ನು ಅನುಸರಿಸುತ್ತದೆ ಎಂದು ವಿಚಾರಿಸಿ. ಇಂಗ್ಲಿಷ್ ಪಠ್ಯವಾದರೂ ಕಂಠಪಾಠದ ವಚನ ಕನ್ನಡದಲ್ಲಿರಲಿ. ಭಾನುವಾರ ಅಜ್ಜಿ ಹೇಳಿಸುವುದು ಅದನ್ನೇ.

ಅವಸರದಲ್ಲಿ ದುಡ್ಡು ಸುರಿಯಬೇಡಿ. ಮೊದಲು ಯೇಸುವಿನ ಜೀವನ ಹೇಳುವ ಮಾರ್ಕನ ಸುವಾರ್ತೆ ಓದಿಸಿ: 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಅತಿ ಚಿಕ್ಕದು. ವಾರಕ್ಕೆ ಎರಡು ಅಧ್ಯಾಯದಂತೆ ಎರಡು ತಿಂಗಳಲ್ಲಿ ನಿಮ್ಮ ಮಕ್ಕಳ ವೇಗ ತಿಳಿಯುತ್ತದೆ. ಅದಕ್ಕೆ ಹೊಂದುವ ಪಠ್ಯವನ್ನು ಆಮೇಲೆ ಕೊಳ್ಳಿ.