ಅಂಗಡಿ ಹುಡುಗಿಗೆ ಮೆಚ್ಚುಗೆ ಹೇಳುವುದು ಹೇಗೆ?

ಶಿರಸಿಯ ಸೀರೆ ಅಂಗಡಿಯೊಂದರಲ್ಲಿ ಒಬ್ಬ ಹುಡುಗಿ ನಮ್ಮ ಅತ್ತೆಗೆ ಸೀರೆ ತೋರಿಸಿದ ರೀತಿ ನೋಡಬೇಕಿತ್ತು. ಅತ್ತೆಗೆ ಕಣ್ಣು ಮಂಜು. ಆಕೆ ಒಂದೊಂದೇ ಸೀರೆಯನ್ನು ಬಾಗಿಲ ಬೆಳಕಿಗೆ ಒಯ್ದು, ಸೆರಗು ಬಿಡಿಸಿ, ಅಂಚನ್ನು ಅತ್ತೆಯ ಕೈಗೇ ಕೊಟ್ಟಳು. ಜಾಸ್ತಿ ಬೆಲೆಯದ್ದೇ ತಗೊಳ್ಳಿ ಅಂತ ಒತ್ತಾಯ ಮಾಡಲಿಲ್ಲ. ಇಂಥವರಿಗೆ ಸುಮ್ನೆ ‘ಥ್ಯಾಂಕ್ಸ್’ ಅಂದು ಬಂದರೆ ಸಾಲದು.

ಮೊದಲು ಹೆಸರು ಕೇಳಿ. ಗಲ್ಲಾದಲ್ಲಿ ದುಡ್ಡು ಕೊಡುವಾಗ, ಆಕೆಗೂ ಕೇಳುವಂತೆ ಮಾಲೀಕರಿಗೆ ಹೇಳಿ. ‘ಒಳ್ಳೆ ಹುಡುಗಿ’ ಅಂದರೆ ಏನೂ ತಿಳಿಯುವುದಿಲ್ಲ. ‘ಅತ್ತೆಗೆ ಕಾಣಲಿ ಅಂತ ಪ್ರತಿ ಸೀರೆ ಬೆಳಕಿಗೆ ತಂದು ತೋರಿಸಿದ್ರು, ಅದಕ್ಕೇ ಇಲ್ಲಿ ತಗೊಂಡ್ವಿ’ ಅನ್ನಿ. ವ್ಯಾಪಾರ ಆಗಿದ್ದು ಯಾರಿಂದ ಅಂತ ಅವರಿಗೂ ಗೊತ್ತಾಗಬೇಕು, ಅಲ್ವಾ? 2 ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಅಂಗಡಿ ಗಿಜಿಗುಡುತ್ತಿರುತ್ತದೆ. ಆಗ ಮರುದಿನ ಫೋನ್ ಮಾಡಿದರೂ ಆದೀತು.

ಗೂಗಲ್ ಮ್ಯಾಪ್ಸ್‌ನಲ್ಲಿ ಅಂಗಡಿ ಹುಡುಕಿ, 5 ಸ್ಟಾರ್ ಕೊಟ್ಟು, ಎರಡು ಸಾಲು ಕನ್ನಡದಲ್ಲೇ ಬರೆಯಿರಿ. ಹೆಸರು ಹಾಕಬಹುದಾ ಅಂತ ಆಕೆಯನ್ನು ಮೊದಲೇ ಕೇಳಿಕೊಳ್ಳಿ. ಫೋಟೊ ಬೇಡವೇ ಬೇಡ.

ಕೈಗೆ ದುಡ್ಡು ಕೊಟ್ಟರೆ ಕೆಲವರಿಗೆ ಮುಜುಗರ. ಕೆಲವು ಮಾಲೀಕರೂ ಒಪ್ಪುವುದಿಲ್ಲ. ನಮ್ಮ ಕಡೆ ತೊಡೆದೇವು ಅನ್ನೋ ಸಿಹಿತಿಂಡಿ ಇದೆಯಲ್ಲ! ಮಡಕೆ ಬೋರಲು ಹಾಕಿ ಎರೆದ ಆ ತೆಳು ಪದರ ಮುಟ್ಟಿದರೆ ಪುಡಿಯಾಗುತ್ತದೆ, ಡಬ್ಬದಲ್ಲೇ ಒಯ್ಯಿರಿ. ಎಲ್ಲರೂ ಹಂಚಿಕೊಳ್ಳಿ ಅಂತ ಹೇಳಿ ಕೊಡಿ. ಒಬ್ಬಳಿಗೇ ಕೊಟ್ಟರೆ ಜೊತೆಯವರ ಎದುರು ಆಕೆಗೇ ಕಷ್ಟ. ಪಕ್ಕದ ಮನೆಯವರು ಸೀರೆಗೆ ಹೊರಟಾಗ ಆಕೆಯ ಹೆಸರು ಹೇಳಿ ಕಳಿಸಿ.