ಸಂತೋಷಕ್ಕಾಗಿ ಓದುವುದನ್ನು ಮತ್ತೆ ರೂಢಿಸಿಕೊಂಡ ಕ್ರಮ

ಕಾದಂಬರಿ ತೆರೆದು ನಾಲ್ಕೈದು ಪುಟ ದಾಟುವಷ್ಟರಲ್ಲಿ ಕಣ್ಣು ಸಾಲಿನ ಮೇಲಿದ್ದರೂ ಮನಸ್ಸು ಬೇರೆಡೆ ಹೋಗಿರುತ್ತಿತ್ತು. ಕಚೇರಿಯ ಕಡತ ಓದಲು ಈ ತೊಂದರೆ ಇರಲಿಲ್ಲ. ಸಂತೋಷಕ್ಕೆಂದು ಓದುವಾಗ ಮಾತ್ರ ಹೀಗಾಗುತ್ತಿತ್ತು.

ವರ್ಷಕ್ಕೆ ಇಷ್ಟು ಪುಸ್ತಕವೆಂಬ ಗುರಿ, ಟಿಪ್ಪಣಿ ಬರೆಯುವುದು, ಫೋನಿನಲ್ಲಿ ಇ-ಪುಸ್ತಕ, ಯಾವುದೂ ಫಲಿಸಲಿಲ್ಲ. ಉಡುಪಿಯಿಂದ ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಓದಹೊರಟರೆ ತಲೆಸುತ್ತು ಬರುತ್ತಿತ್ತು. ಆ ಬಸ್ಸುಗಳ ವೇಗ ಬಲ್ಲವರಿಗೆ ವಿವರಣೆ ಬೇಡ.

ಫಲಿಸಿದ ಕ್ರಮ ಇದು. ರಾತ್ರಿ ಊಟವಾದ ಕೂಡಲೇ, ಕುರ್ಚಿಯಲ್ಲಿ ಕೂರುವ ಮೊದಲೇ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಇನ್ನೊಂದು ಕೋಣೆಯ ಕಪಾಟಿನಲ್ಲಿಡಬೇಕು. ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಟರೆ ಕೈ ತಾನಾಗಿ ಅತ್ತ ಹೋಗುತ್ತದೆ. ಬಳಿಕ ಗೋಡೆ ಗಡಿಯಾರ ಕಾಣುವಲ್ಲಿ ಮುದ್ರಿತ ಪುಸ್ತಕ ಹಿಡಿದು 20 ನಿಮಿಷ ಕೂರಬೇಕು, ಕೈಯಲ್ಲಿ ಪೆನ್ಸಿಲ್ ಇರಬಾರದು. ಆರಂಭಕ್ಕೆ ತೆಳ್ಳಗಿನ, ಪರಿಚಿತ ನೆಲದ ಕಥೆಯೇ ಒಳ್ಳೆಯದು: ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರ ‘ಚೋಮನ ದುಡಿ’ (1933) ಗಾತ್ರದಲ್ಲಿ ಚಿಕ್ಕದು, ಹಿನ್ನೆಲೆ ನಮ್ಮ ಕರಾವಳಿಯದೇ. 50 ಪುಟವಾದರೂ ಹಿಡಿಸದ ಪುಸ್ತಕವನ್ನು ಅಲ್ಲಿಗೇ ಬಿಡಬೇಕು. ಗ್ರಂಥಾಲಯದಿಂದ ತಂದದ್ದಾದರೆ ಕೊಟ್ಟ ದುಡ್ಡಿನ ಲೆಕ್ಕ ಅಡ್ಡಬರುವುದಿಲ್ಲ.

ಅಧ್ಯಾಯದ ಕೊನೆಯಲ್ಲಿ ನಿಲ್ಲಿಸದೆ ಪ್ರಸಂಗವೊಂದರ ನಡುವೆಯೇ ನಿಲ್ಲಿಸಿದರೆ ಮರುದಿನ ಪುಸ್ತಕ ತೆರೆಯುವುದು ಸಲೀಸು. 20 ನಿಮಿಷ ಕೂರುವುದು ಸುಲಭವಾದ ಮೇಲೆಯೇ ಅವಧಿಯನ್ನು 30 ನಿಮಿಷಕ್ಕೆ ಏರಿಸಬೇಕು.