ಹಳೇ ಕಾರ್ಬೈನ್‌ಗೆ ಒಗ್ಗುವ ಈಡು: ಮದ್ದಿಗೆ ಮೊದಲು ನಳಿಗೆ ಅಳೆಯಿರಿ

ಅಮೆರಿಕದ ಅಂತರ್ಯುದ್ಧದ (1861–65) ಸ್ಮಿತ್, ಮೇನಾರ್ಡ್ ಕಾರ್ಬೈನ್‌ಗಳು ಕೇಪಿನ ಕೋವಿಗಳೂ ಹೌದು, ತೋಟಾ ಕೋವಿಗಳೂ ಹೌದು. ತೋಟೆಯನ್ನು ಹಿಂದಿನಿಂದ ತುಂಬುತ್ತೇವೆ, ಆದರೆ ಆ ತೋಟೆಗೆ ತನ್ನದೇ ಕೇಪು ಇಲ್ಲ. ಹೊರಗೆ ತೊಟ್ಟಿನ ಮೇಲೆ ಕೂರಿಸಿದ ಕೇಪು ಸಿಡಿದು, ಅದರ ಕಿಡಿ ಕಿರಿದಾದ ಕಿಂಡಿಯೊಂದನ್ನು ಹಾದು, ತೋಟೆಯ ತಳದಲ್ಲಿರುವ ತೂತಿನೊಳಗೆ ನುಗ್ಗಿ ಮದ್ದನ್ನು ಮುಟ್ಟಬೇಕು. ಇವುಗಳ ಗುರಿ ಕೆಡುವುದು ಬಹುಪಾಲು ಈ ಕಿಡಿಯ ದಾರಿಯಲ್ಲಿ, ಇಲ್ಲವೇ ಗುಂಡು ನಳಿಗೆಗೆ ಸರಿಯಾಗಿ ಕೂರದೆ. ಹೊಸಬರು ಮಾತ್ರ ಮೊದಲ ದಿನವೇ ಮದ್ದಿನ ಅಳತೆಯನ್ನು ಹೆಚ್ಚು ಕಡಿಮೆ ಮಾಡಲು ಕೂರುತ್ತಾರೆ. ಅದು ಕೊನೆಗೆ ಮಾಡುವ ಕೆಲಸ. ಇಲ್ಲಿ .50 ಕ್ಯಾಲಿಬರಿನ ಸ್ಮಿತ್ ಅನ್ನು ಮುಂದಿಟ್ಟುಕೊಂಡು ವಿವರಿಸಿದ್ದೇವೆ.

ಮೊದಲು ಕೋವಿಯನ್ನೇ ನೋಡಿ. ಸ್ಮಿತ್ ನಡುವೆ ಮುರಿದು ತೆರೆಯುವ ಕೋವಿ. ಮುಚ್ಚಿದಾಗ ಮೇಲಿನ ಉಕ್ಕಿನ ಪಟ್ಟಿ ಎರಡೂ ಭಾಗಗಳನ್ನು ಬಿಗಿ ಹಿಡಿಯಬೇಕು. ಅಲ್ಲಿ ಅಲುಗಾಟವಿದ್ದರೆ, ಹಿಡಿಯ ಮರದಲ್ಲಿ ಸೀಳಿದ್ದರೆ, ನಳಿಗೆಯೊಳಗೆ ಆಳವಾಗಿ ತುಕ್ಕು ತಿಂದಿದ್ದರೆ ಬಲ್ಲ ಕೋವಿ ರಿಪೇರಿಯವರಿಗೆ ತೋರಿಸದೆ ಒಂದು ಈಡನ್ನೂ ಹಾರಿಸಬೇಡಿ. ಹೊಗೆರಹಿತ ಮದ್ದನ್ನು ಈ ಕೋವಿಗಳಲ್ಲಿ ಯಾವ ಪ್ರಮಾಣದಲ್ಲೂ ಬಳಸುವಂತಿಲ್ಲ, ಚಿಟಿಕೆಯಷ್ಟೂ ಕೂಡದು.

ನಳಿಗೆಯ ಅಳತೆ

ಮೆತ್ತನೆಯ ಶುದ್ಧ ಸೀಸದ ತುಂಡೊಂದಕ್ಕೆ ಎಣ್ಣೆ ಸವರಿ, ಹಿತ್ತಾಳೆ ಸರಳಿನಿಂದ ನಳಿಗೆಯ ಉದ್ದಕ್ಕೂ ನಿಧಾನವಾಗಿ ತಳ್ಳಿ. ಹೊರಬಂದ ತುಂಡಿನ ಮೇಲೆ ರೈಫ್ಲಿಂಗ್‌ನ (ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೆರೆಗಳ) ಪಡಿಯಚ್ಚು ಮೂಡಿರುತ್ತದೆ. ಇಲ್ಲೇ ಬಹಳ ಮಂದಿ ಎಡವುತ್ತಾರೆ. ಸ್ಮಿತ್ ಮತ್ತು ಮೇನಾರ್ಡ್‌ಗಳ ನಳಿಗೆಯಲ್ಲಿ ಇರುವುದು ಮೂರೇ ಗಾಡಿಗಳು (ಕೊರೆದ ತಗ್ಗುಗಳು). ಗಾಡಿಗಳ ಸಂಖ್ಯೆ ಬೆಸವಾದಾಗ ಒಂದು ಗಾಡಿಯ ಎದುರಿಗೆ ಮತ್ತೊಂದು ಗಾಡಿ ಬರುವುದಿಲ್ಲ, ದಿಂಡು (ಎರಡು ಗಾಡಿಗಳ ನಡುವಿನ ಉಬ್ಬು) ಬರುತ್ತದೆ. ಕ್ಯಾಲಿಪರ್ ಹಿಡಿದರೆ ನಿಜವಾದ ಅಳತೆಗಿಂತ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ತರಿಸಿದ ಅಚ್ಚು ಸಣ್ಣದಾಗುತ್ತದೆ. ‘ವಿ’ ಆಕಾರದ ದವಡೆಯ ಮೈಕ್ರೊಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ದಪ್ಪ ಗೊತ್ತಿರುವ ತೆಳು ಹಿತ್ತಾಳೆ ತಗಡನ್ನು ತುಂಡಿನ ಸುತ್ತ ಒಂದೇ ಸುತ್ತು, ತುದಿಗಳು ಒಂದರ ಮೇಲೊಂದು ಏರದಂತೆ ಬಿಗಿಯಾಗಿ ಸುತ್ತಿ, ಮೈಕ್ರೊಮೀಟರಿನಲ್ಲಿ ಅಳೆದು, ತಗಡಿನ ದಪ್ಪದ ಎರಡರಷ್ಟನ್ನು ಕಳೆಯಿರಿ.

ಗುಂಡು ಆ ಅಳತೆಗಿಂತ ಒಂದೆರಡು ಥೌ (ಇಂಚಿನ ಸಾವಿರದಲ್ಲೊಂದು ಭಾಗ) ದಪ್ಪವಿರಬೇಕು. ಬಾಯಿಯಿಂದ ತುಂಬುವ ಕೋವಿಯಲ್ಲಿ ಗುಂಡು ನಳಿಗೆಗಿಂತ ಸಣ್ಣದಿರಬೇಕು. ಇಲ್ಲಿ ಅದಕ್ಕೆ ತದ್ವಿರುದ್ಧ. ಸ್ಮಿತ್‌ಗೆ ಸಾಮಾನ್ಯವಾಗಿ 0.515 ಇಂಚಿನ ಆಸುಪಾಸಿನ ಅಚ್ಚುಗಳು ಸಿಗುತ್ತವೆ. ಆದರೆ ಎರಡು ಹಳೇ ಕೋವಿಗಳ ಅಳತೆ ಒಂದೇ ಇರುವುದು ಅಪರೂಪ, ಹಾಗಾಗಿ ನಿಮ್ಮ ಕೋವಿ ಹೇಳಿದ್ದನ್ನೇ ಕೇಳಿ.

ಎರಕ ಮತ್ತು ಜಿಡ್ಡು

ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎರಕಕ್ಕೆ ಸುಮಾರು 400 ಡಿಗ್ರಿ ಬೇಕು. ಗುಂಡಿನ ಮೈ ಸುಕ್ಕುಗಟ್ಟಿದರೆ ಅಚ್ಚು ಇನ್ನೂ ಕಾದಿಲ್ಲ ಎಂದರ್ಥ. ಗಾಳಿಯಾಡುವ ಜಾಗದಲ್ಲೇ ಎರಕ ಹೊಯ್ಯಿರಿ. ಕರಗಿದ ಸೀಸದ ಹತ್ತಿರ ನೀರಿನ ಪಸೆಯೂ ಸುಳಿಯಬಾರದು, ಒಂದು ಹನಿ ಸಾಕು, ಸೀಸ ಸಿಡಿದು ಮೈಮೇಲೆ ಬೀಳುತ್ತದೆ. ತಣಿದ ಗುಂಡುಗಳನ್ನು ಒಂದೊಂದಾಗಿ ತೂಗಿ. 350 ಗ್ರೇನಿನ (ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ) ಗುಂಡಿನಲ್ಲಿ ಒಂದು ಗ್ರೇನಿಗಿಂತ ಹೆಚ್ಚು ಹಗುರಾದದ್ದರ ಹೊಟ್ಟೆಯಲ್ಲಿ ಗಾಳಿಗುಳ್ಳೆ ಇರುತ್ತದೆ. ಅದು ಮತ್ತೆ ಕುಲುಮೆಗೆ. ತಳದ ಅಂಚು ಮುಕ್ಕಾದದ್ದನ್ನೂ ಹಾಗೇ ಮಾಡಿ. ಮೂತಿಯ ಮೇಲಿನ ಗೀರನ್ನು ಗುರಿ ಸಹಿಸುತ್ತದೆ, ತಳದ ಮುಕ್ಕನ್ನು ಸಹಿಸುವುದಿಲ್ಲ.

ಗುಂಡಿಗೆ ಸವರುವ ಜಿಡ್ಡಿಗೆ ಜೇನುಮೇಣ ಮತ್ತು ಕುರಿಯ ಕೊಬ್ಬನ್ನು ಸಮತೂಕ ಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿದರೆ ಸಾಕು. ಕಪ್ಪು ಮದ್ದು ಉರಿದ ಮೇಲೆ ಅದರ ಅರ್ಧಕ್ಕೂ ಹೆಚ್ಚು ಭಾಗ ಘನರೂಪದಲ್ಲೇ ಉಳಿಯುತ್ತದೆ. ಆ ಮಸಿಯನ್ನು ಮೆತ್ತಗಿಡುವುದು ಜಿಡ್ಡಿನ ಕೆಲಸ. ಪೆಟ್ರೋಲಿಯಂ ಗ್ರೀಸ್ ಬೇಡ. ಮಸಿಯ ಜತೆ ಸೇರಿ ಡಾಂಬರಿನಂತೆ ಅಂಟುತ್ತದೆ.

ತೋಟೆ ಕಟ್ಟುವುದು

ಸ್ಮಿತ್‌ನ ಮೂಲ ತೋಟೆ ರಬ್ಬರಿನದು. ಈಗ ಪ್ಲಾಸ್ಟಿಕ್ ಅಥವಾ ಹಿತ್ತಾಳೆಯ ಕೊಳವೆಗಳು ಸಿಗುತ್ತವೆ, ತೊಳೆದು ಮತ್ತೆ ಮತ್ತೆ ಬಳಸಬಹುದು. ಕೋವಿಯ ಎರಡು ಭಾಗಗಳ ಸಂದಿನಿಂದ ಬೆಂಕಿ ಹೊರಬರದಂತೆ ತಡೆಯುವುದು ಈ ಕೊಳವೆಯೇ. ಬಿರುಕು ಬಿಟ್ಟದ್ದನ್ನು ಬಿಸಾಡಿ. ಪ್ಲಾಸ್ಟಿಕ್ಕಿನಲ್ಲಿ ತಳದ ತೂತು ಬರಬರುತ್ತಾ ಅಗಲವಾಗುತ್ತದೆ. ಹಾಗಾದ ಕೊಳವೆಗಳನ್ನು ಹೊಸದರ ಜತೆ ಬೆರೆಸಿದರೆ ಗುಂಡುಗಳು ಗುರಿಹಲಗೆಯ ಮೇಲೆ ಮೇಲೆ-ಕೆಳಗೆ ಚದುರುತ್ತವೆ.

ತೂತಿನ ಮೇಲೆ ಒಳಗಿನಿಂದ ಸಿಗರೇಟು ಕಾಗದದ ಚೂರೊಂದನ್ನು ಹಾಕಿ, ಮದ್ದು ಸೋರುವುದಿಲ್ಲ. ಮದ್ದನ್ನು ಪ್ರತಿ ಈಡಿಗೂ ತೂಗಿಯೇ ಹಾಕಿ. ಮೂರು ಎಫ್ ಕಾಳಿನ (ಸಣ್ಣ ಕಾಳಿನ ದರ್ಜೆ) ಅಸಲಿ ಕಪ್ಪು ಮದ್ದೇ ಬೇಕು. ಬದಲಿ ಮದ್ದುಗಳಿಗೆ ಬೆಂಕಿ ತಗಲಲು ಹೆಚ್ಚು ಶಾಖ ಬೇಕು, ಅಷ್ಟು ದೂರದಿಂದ ಬರುವ ಕಿಡಿ ಸಾಲುವುದಿಲ್ಲ. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿಯಕೂಡದು. ಉಳಿದರೆ ಒತ್ತಡ ಒಂದೇ ಕಡೆ ಏರಿ ನಳಿಗೆ ಉಂಗುರದಂತೆ ಉಬ್ಬೀತು. ಕಡಿಮೆ ಮದ್ದು ಹಾಕಿದಾಗ ಮೇಲೆ ಸಣ್ಣ ರವೆ ತುಂಬಿ. ಗುಂಡು ರವೆಯನ್ನು ಮೆಲ್ಲಗೆ ಒತ್ತಿ ಕೂರಬೇಕು, ಎಲ್ಲ ತೋಟೆಗಳ ಒಟ್ಟು ಉದ್ದ ಒಂದೇ ಬರಬೇಕು.

ಅದೇ ಕಾಲದ ಶಾರ್ಪ್ಸ್ ಕಾರ್ಬೈನ್ ಇದ್ದವರಿಗೆ ಒಂದು ಮಾತು. ಕಾಗದದ ತೋಟೆಯ ಬಾಲವನ್ನು ಬ್ಲಾಕ್ (ನಳಿಗೆಯ ಹಿಂಬಾಯಿ ಮುಚ್ಚುವ ಉಕ್ಕಿನ ತುಂಡು) ಕತ್ತರಿಸುವಂತೆ ಮಾಡಿದರೆ ಮದ್ದಿನ ಕಾಳು ಬ್ಲಾಕಿನ ಸುತ್ತ ಉದುರುತ್ತದೆ. ತೋಟೆಯನ್ನು ಗಿಡ್ಡ ಮಾಡಿ, ತಳಕ್ಕೆ ತೆಳು ಕಾಗದ ಅಂಟಿಸಿ.

ಬಯಲಿನಲ್ಲಿ

ಕಣ್ಣಿಗೆ, ಕಿವಿಗೆ ರಕ್ಷಣೆ ಹಾಕಿಕೊಳ್ಳಿ. ಖಾಲಿ ಕೋವಿಯಲ್ಲಿ ಎರಡು ಕೇಪು ಹೊಡೆಯಿರಿ. ನಳಿಗೆಯ ಬಾಯಿಯನ್ನು ನೆಲದ ಮೇಲಿನ ಹುಲ್ಲುಕಡ್ಡಿಯ ಹತ್ತಿರ ಹಿಡಿದಾಗ ಕಡ್ಡಿ ಅಲುಗಬೇಕು. ಅಲುಗದಿದ್ದರೆ ಕಿಂಡಿಯಲ್ಲಿ ಎಣ್ಣೆಯೋ ಮಸಿಯೋ ಕೂತಿದೆ, ಪೈಪ್ ಕ್ಲೀನರ್ ಹಾಕಿ ತೆಗೆಯಿರಿ.

ಸೈನ್ಯದ ಸ್ಮಿತ್ ತೋಟೆಯಲ್ಲಿ 50 ಗ್ರೇನ್ ಮದ್ದಿತ್ತು. ಗುರಿ ಸ್ಪರ್ಧೆಗೆ ಅಷ್ಟು ಬೇಡ. 28 ಗ್ರೇನ್‌ನಿಂದ ಶುರುಮಾಡಿ 30, 32, 34, 36 ಎಂದು ಏರಿಸಿ, ಪ್ರತಿ ಅಳತೆಗೆ ಹತ್ತು ತೋಟೆ. ಐದೇ ಈಡಿನ ಗುಂಪು (ಗುರಿಹಲಗೆಯಲ್ಲಿ ಮೂಡಿದ ತೂತುಗಳ ಹರವು) ಅದೃಷ್ಟದಿಂದಲೂ ಚಿಕ್ಕದಾಗಬಹುದು. ಬೆಂಚಿನ ಮೇಲೆ ಮರಳುಚೀಲ ಇಟ್ಟು, 50 ಗಜದಲ್ಲಿ ಹೊಡೆಯಿರಿ. ಪ್ರತಿ ಗುಂಪಿಗೆ ಮುನ್ನ ನಳಿಗೆ ಒರೆಸಿ, ಎರಡು ಗುಂಡು ಲೆಕ್ಕಕ್ಕಿಲ್ಲದೆ ಹಾರಿಸಿ. ಒರೆಸಿದ ನಳಿಗೆಯ ಮೊದಲ ಗುಂಡು ಬೇರೆಡೆ ಬೀಳುವುದು ಸಹಜ.

ಫಲಿತಾಂಶದಲ್ಲಿ ಒಂದೇ ಒಂದು ಚಿಕ್ಕ ಗುಂಪಿನ ಬೆನ್ನು ಹತ್ತಬೇಡಿ. 30, 32, 34 ಮೂರೂ ಚೆನ್ನಾಗಿ ಬಂದಿದ್ದರೆ 32 ನಿಮ್ಮ ಅಳತೆ. ತೂಕದಲ್ಲಿ ಕೊಂಚ ಏರುಪೇರಾದರೂ ಅದು ಕೈಬಿಡುವುದಿಲ್ಲ. ಮದ್ದಿನ ಬ್ರ್ಯಾಂಡ್ ಬದಲಾದರೆ ಮತ್ತೆ ಕೆಳಗಿನಿಂದ ಬನ್ನಿ. ಅದೇ ತೂಕದ ಸ್ವಿಸ್ ಮದ್ದು ಗೋಯೆಕ್ಸ್‌ಗಿಂತ ಹೆಚ್ಚು ವೇಗ ಕೊಡುತ್ತದೆ.

ಮೊದಲ ಐದು ಗುಂಡು ಒಟ್ಟಿಗೆ ಬಿದ್ದು ಆಮೇಲಿನವು ಚದುರಿದರೆ ಜಿಡ್ಡು ಸಾಲದು. ನಳಿಗೆಯ ಬಾಯಿಯಂಚಿನಲ್ಲಿ ಜಿಡ್ಡಿನ ಒದ್ದೆ ಉಂಗುರ ಕಾಣಬೇಕು. ಎಲ್ಲ ಗುಂಡೂ ಗುರಿಯ ಮೇಲಕ್ಕೇ ಬಿದ್ದರೆ ತಪ್ಪು ಈಡಿನದಲ್ಲ, ಈ ಕಾರ್ಬೈನ್‌ಗಳ ಮುಂದಿನ ನೊಣ (ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಮೊನೆ) 50 ಗಜಕ್ಕೆ ತೀರಾ ಗಿಡ್ಡ. ಎತ್ತರದ ನೊಣ ಹಾಕಿಸಿ, ಹಳೆಯದನ್ನು ಜೋಪಾನವಾಗಿ ಎತ್ತಿಡಿ. ಗುರಿ ಇಳಿಸಲೆಂದು ಮದ್ದು ಕಡಿಮೆ ಮಾಡುವುದು ಸರಿಯಲ್ಲ.

ಕೇಪು ಸಿಡಿದೂ ಈಡು ಹಾರದಿದ್ದರೆ ಬಾಯಿ ಗುರಿಯ ಕಡೆಗೇ ಇರಲಿ. ಪೂರಾ ಒಂದು ನಿಮಿಷ ಕೋವಿ ತೆರೆಯಬೇಡಿ. ತಡವಾಗಿ ಹೊತ್ತುವ ಮದ್ದು ತೆರೆದ ಕೋವಿಯಲ್ಲಿ ಮುಖಕ್ಕೇ ಬರುತ್ತದೆ.

ಆರಿಸಿದ ಅಳತೆಯನ್ನು 100 ಗಜದಲ್ಲಿ ಮತ್ತೊಮ್ಮೆ ಹತ್ತು ಈಡಿನಿಂದ ಪರೀಕ್ಷಿಸಿ. ಅಂತರ್ಯುದ್ಧ ಕಾಲದ ಕೋವಿಗಳ ಗುರಿ ಸ್ಪರ್ಧೆ ನಡೆಸುವ ಅಮೆರಿಕದ ನಾರ್ತ್-ಸೌತ್ ಸ್ಕರ್ಮಿಶ್ ಅಸೋಸಿಯೇಷನ್‌ನ ಕಾರ್ಬೈನ್ ಸ್ಪರ್ಧೆಗಳು ನಡೆಯುವುದು ಈ ಎರಡು ದೂರಗಳಲ್ಲೇ. ಅಂದೇ ಸಂಜೆ ನಳಿಗೆ, ಕಿಂಡಿ, ತೊಟ್ಟು ಎಲ್ಲವನ್ನೂ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ. ಹಿತ್ತಾಳೆ ಕೊಳವೆಗಳನ್ನು ಬಯಲಿನಲ್ಲೇ ಸೋಪಿನ ನೀರಿನ ಡಬ್ಬಿಗೆ ಹಾಕಿಬಿಡಿ. ಮಸಿ ಒಣಗಿದರೆ ತಳದ ತೂತು ಕಟ್ಟಿಕೊಳ್ಳುತ್ತದೆ.